ಗಡಿಯಾಚೆ ಅಪಘಾತವಾದರೆ ಕೇಸು ಎಲ್ಲಿ?



ಆದೋನಿಯವರು ಸಿರುಗುಪ್ಪಕ್ಕೋ ಬಳ್ಳಾರಿಗೋ ಹೋಗುವಾಗ ಗಡಿ ದಾಟಿದ ಮೇಲೆ ಲಾರಿ ಗುದ್ದಿದರೆ ಪರಿಹಾರದ ಕೇಸು ಎಲ್ಲಿ ಹಾಕಬೇಕು? ವಾಯಿದೆಗೊಮ್ಮೆ ಬಳ್ಳಾರಿಗೆ ಅಲೆಯಬೇಕಿಲ್ಲ. ಮೋಟಾರು ವಾಹನ ಕಾಯಿದೆಯ 166ನೇ ಕಲಮಿನಂತೆ ಅಪಘಾತವಾದ ಸ್ಥಳ, ಅರ್ಜಿದಾರರು ವಾಸವಿರುವ ಊರು, ಎದುರುಪಕ್ಷದವರ ಊರು, ಇವುಗಳಲ್ಲಿ ಯಾವುದಾದರೊಂದರ ಟ್ರಿಬ್ಯೂನಲ್ಲಿಗೆ ಅರ್ಜಿ ಕೊಡಬಹುದು. ನಮಗೆ ಕರ್ನೂಲು ಜಿಲ್ಲೆಯೇ ಸಾಕು. ಎಫ್.ಐ.ಆರ್., ಪಂಚನಾಮೆಗಳ ನಕಲು ಮಾತ್ರ ಅಲ್ಲಿಯ ಠಾಣೆಯಿಂದ ತರಬೇಕು; ಕನ್ನಡದಲ್ಲಿದ್ದರೆ ತರ್ಜುಮೆ ಮಾಡಿಸಿಡಿ.

2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಅದರ ಮೇಲೆ ಸುಪ್ರೀಂ ಕೋರ್ಟಿಗೆ ತಕರಾರು ಹೋಗಿದೆ ನಿಜ, ಅದನ್ನು ನಂಬಿ ಕೂರಬೇಡಿ. ವರ್ಷದ ತಿಥಿ ಮುಗಿಯಲಿ ಎನ್ನುವುದು ನಮ್ಮ ಕಡೆಯ ರೂಢಿ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಗುದ್ದಿದ ಗಾಡಿ ಪತ್ತೆಯಾಗದಿದ್ದರೂ ಸರಕಾರದ ಯೋಜನೆಯಂತೆ ಸತ್ತವರ ಮನೆಯವರಿಗೆ 2 ಲಕ್ಷ, ಭಾರೀ ಗಾಯಕ್ಕೆ 50 ಸಾವಿರ ರೂಪಾಯಿ ಉಂಟು.

ಬ್ಯಾಂಕಿನ ಕೌಂಟರಿನಲ್ಲಿ ಕಂಡದ್ದೊಂದು ಮಾತು. ಮಕ್ಕಳ ಪಾಲಿನ ಹಣವನ್ನು ಟ್ರಿಬ್ಯೂನಲ್ಲು ಸಾಮಾನ್ಯವಾಗಿ ಠೇವಣಿ ಇಡಿಸುತ್ತದೆ. ಅದನ್ನು ಅವಧಿಗೆ ಮೊದಲು ತೆಗೆಯಲು ಟ್ರಿಬ್ಯೂನಲ್ಲಿನ ಅಪ್ಪಣೆಯೇ ಬೇಕು. ಪಾಪದ ಗುಮಾಸ್ತನೊಡನೆ ಜಗಳವಾಡಿದರೆ ಹಣ ಬಾರದು.