ಜೋಳಿಗೆಯ ಲೆಕ್ಕ: ಹನೂರು ಸೀಮೆಯ ಕಥನಗಾಯನದ ಆರ್ಥಿಕ ನೆಲೆ

ಮಲೆ ಮಾದೇಶ್ವರ ಮತ್ತು ಮಂಟೇಸ್ವಾಮಿ ಮೌಖಿಕ ಕಾವ್ಯಗಳ ಅಧ್ಯಯನಕ್ಕೆ ಕನ್ನಡದಲ್ಲಿ ಅರ್ಧ ಶತಮಾನದ ಇತಿಹಾಸವಿದೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಾದೇಶ್ವರ ಕಾವ್ಯ 1973ರಲ್ಲಿ ಪ್ರಕಟವಾಯಿತು. 1990ರ ದಶಕದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯವು ಜನಪದ ಮಹಾಕಾವ್ಯಗಳ ಪ್ರಕಟಣೆಯನ್ನು ಕೈಗೆತ್ತಿಕೊಂಡಾಗ ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದನೆಯ ಮಂಟೇಸ್ವಾಮಿ ಕಾವ್ಯ ಹೊರಬಂದಿತು. ಅಲ್ಲಿಂದೀಚೆಗೆ ಈ ಕಾವ್ಯಗಳ ಪಠ್ಯ, ಪಾಠಾಂತರ, ಜಾತಿಸಂಬಂಧ, ಪ್ರತಿಭಟನೆಯ ದನಿ, ವಚನ ಚಳವಳಿಯೊಡನೆ ಅವುಗಳಿಗಿರುವ ನಂಟು ಮುಂತಾದವು ವಿಸ್ತಾರವಾಗಿ ಚರ್ಚೆಗೊಳಗಾಗಿವೆ. ಒಂದು ಸಾದಾ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಅಂಚಿನಲ್ಲೇ ಉಳಿದುಕೊಂಡಿದೆ. ಬೆಳಗಿನವರೆಗೆ ನಡೆಯುವ ಒಂದು ರಾತ್ರಿಯ ಗಾಯನದ ವೆಚ್ಚವನ್ನು ಯಾರು ಭರಿಸುತ್ತಿದ್ದರು? ಹಾಡುವವನನ್ನು ಹತ್ತಾರು ವರ್ಷ ತಯಾರು ಮಾಡುವ ವೆಚ್ಚವನ್ನು ಯಾರು ಹೊರುತ್ತಿದ್ದರು?

ಈ ಪ್ರಶ್ನೆಯನ್ನು ಕೇಳಲು ಹನೂರು ಸೀಮೆ ತಕ್ಕ ಸ್ಥಳ. ಮಾದೇಶ್ವರನ ಬೆಟ್ಟಕ್ಕೆ ಹೋಗುವ ದಾರಿ ಕೊಳ್ಳೇಗಾಲದಿಂದ ಹನೂರನ್ನು ಹಾದೇ ಮುಂದುವರಿಯುತ್ತದೆ. ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರು ಇದೇ ತಾಲ್ಲೂಕಿನಲ್ಲಿದೆ. ಎರಡು ಮಹಾಕಾವ್ಯಗಳ ಎರಡು ಕೇಂದ್ರಗಳು ಒಂದೇ ತಾಲ್ಲೂಕಿನ ಎಲ್ಲೆಯೊಳಗಿರುವುದು ಅಪರೂಪದ ಸಂಗತಿ. ತಾಲ್ಲೂಕೆಂಬ ಹೆಸರು ಬಂದದ್ದು ಮಾತ್ರ ಈಚೆಗೆ, 2018ರಲ್ಲಿ. ಅದಕ್ಕೂ ಮುನ್ನ ಇದು ಕೊಳ್ಳೇಗಾಲ ತಾಲ್ಲೂಕಿನ ಭಾಗ. ಆ ಕೊಳ್ಳೇಗಾಲವಾದರೋ 1956ರ ಏಕೀಕರಣದವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೆ, 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿತು. ಹೀಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮೈಸೂರು ಅರಸರ ಆಡಳಿತದ ಆಚೆಗಿದ್ದ, ಮಳೆಯನ್ನೇ ನಂಬಿದ ರಾಗಿ, ಜೋಳದ ನೆಲದಲ್ಲಿ ಇಷ್ಟು ದೊಡ್ಡ ಪ್ರದರ್ಶನ ಪರಂಪರೆ ಬಾಳಿಬಂದಿದೆ. ಅದರ ಹಣಕಾಸಿನ ಆಧಾರವನ್ನು ಅರಮನೆಯ ಕಡತಗಳಲ್ಲಿ ಹುಡುಕುವುದಕ್ಕಿಂತ ಹಳ್ಳಿಯ ಮನೆಬಾಗಿಲಲ್ಲಿ ಹುಡುಕುವುದೇ ಸರಿ.

ಗಾಯಕರಲ್ಲಿ ಎರಡು ಬಳಗಗಳಿವೆ. ಮಾದೇಶ್ವರನ ಒಕ್ಕಲಿನ ದೇವರಗುಡ್ಡರು ಕಂಸಾಳೆಯವರು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರದ ಗೊಂಡೆ ಕಟ್ಟಿದ ಚಪ್ಪಟೆ ತಾಳ, ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಬೆತ್ತ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿಯವರು. ದಮ್ಮಡಿ ಮೊದಲಾದ ವಾದ್ಯಗಳು ಅವರ ಹಿಮ್ಮೇಳಕ್ಕಿವೆ. ನೀಲಗಾರರಲ್ಲಿ ದಲಿತರ ಸಂಖ್ಯೆ ದೊಡ್ಡದು. ಗುಡ್ಡರು ಹಾಲುಮತ, ಬೆಸ್ತ, ಉಪ್ಪಾರ, ನಾಯಕ, ದಲಿತ ಹೀಗೆ ಹಲವು ಸಮುದಾಯಗಳಿಂದ ಬಂದವರು. ಎರಡೂ ಬಳಗಗಳಲ್ಲಿ ಹಾಡುವ ಹಕ್ಕು ಕಂಠದಿಂದಲೇ ಬರುವುದಿಲ್ಲ, ಅದಕ್ಕೆ ದೀಕ್ಷೆ ಬೇಕು. ದೀಕ್ಷೆಯೊಡನೆ ಬರುವ ಮುಖ್ಯ ಕಟ್ಟಳೆಯೆಂದರೆ ಭಿಕ್ಷೆ ಬೇಡುವುದು. ಸ್ವಂತ ಹೊಲವುಳ್ಳ ಗುಡ್ಡನೂ ಗೊತ್ತಾದ ದಿನ ಜೋಳಿಗೆ ಹಿಡಿದು ಮನೆಗಳ ಮುಂದೆ ನಿಲ್ಲಲೇಬೇಕು. ಹಾಗಾಗಿ ಈ ಭಿಕ್ಷೆಯನ್ನು ಬಡತನದ ಗುರುತಾಗಿ ಓದುವುದು ತಪ್ಪಾದೀತು. ಅದು ಗಾಯಕನಿಗೆ ವ್ರತ, ನೀಡುವ ಮನೆಗೆ ಸಲ್ಲಿಸಬೇಕಾದ ಸಲುವಳಿ.

ಈ ಮಾತಿಗೆ ಕಾವ್ಯಗಳೇ ಸಾಕ್ಷಿ. ಮಂಟೇಸ್ವಾಮಿ ಕಾವ್ಯದ ಶಿಖರವೆನಿಸಿದ ಭಾಗದಲ್ಲಿ ಪಾಂಚಾಳರ ಮನೆಯಲ್ಲಿ ಹುಟ್ಟಿದ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆ ಬೇಡಲು ಹೋಗುತ್ತಾನೆ. ತನ್ನವರೇ ಆದ ಕುಶಲಕರ್ಮಿಗಳು ಕೊಡಲು ಒಪ್ಪುವುದಿಲ್ಲ. ಇಡೀ ಪ್ರಸಂಗ ಆ ನಿರಾಕರಣೆಯ ಸುತ್ತ ಬೆಳೆಯುತ್ತದೆ. ಮಾದೇಶ್ವರ ಕಾವ್ಯದಲ್ಲಿ ಬೇವಿನಹಟ್ಟಿ ಕಾಳಮ್ಮನ ಸಾಲಿನ ತಿರುಳೂ ಅದೇ. ಸಿರಿವಂತೆ ಜಂಗಮನಿಗೆ ಭಿಕ್ಷೆ ಇಲ್ಲವೆನ್ನುತ್ತಾಳೆ, ಬಾಳು ಕಳೆದುಕೊಳ್ಳುತ್ತಾಳೆ. ಈ ಸಾಲುಗಳನ್ನು ಅಹಂಕಾರ ಭಂಗದ ಕಥೆಗಳೆಂದು ವಿವರಿಸುವುದು ರೂಢಿ. ಆದರೆ ಹಾಡುವವನ ಬದಿಯಲ್ಲಿ ಜೋಳಿಗೆ ಇರುವುದನ್ನು ನೆನೆದರೆ ಅವು ಬೇರೆಯದೇ ಅರ್ಥ ಪಡೆಯುತ್ತವೆ. ಕೇಳುಗರ ಮುಂದೆ ಗಾಯಕನು ತನ್ನ ಸಂಸ್ಥೆಯ ಆರ್ಥಿಕ ಸಂವಿಧಾನವನ್ನೇ ಹಾಡುತ್ತಿದ್ದಾನೆ: ಕೊಡುವುದು ಮನೆಯ ಕರ್ತವ್ಯ, ಬೇಡುವುದು ದೇವರ ಹೆಸರಿನ ಹಕ್ಕು, ಇಲ್ಲವೆಂದರೆ ಅದಕ್ಕೆ ಬೆಲೆಯುಂಟು. ಚಂದಾ ಎತ್ತುವ ಯಾವ ಕಲಾಸಂಸ್ಥೆಗೂ ತನ್ನ ಚಂದಾಪಟ್ಟಿಯನ್ನು ಮಹಾಕಾವ್ಯದೊಳಗೇ ಬರೆದಿಡುವ ಅವಕಾಶ ದೊರೆತಿರಲಾರದು.

ಗಾಯಕರ ವರಮಾನದಲ್ಲಿ ಹಲವು ಬಗೆಗಳಿದ್ದವು. ವಾರದ ಭಿಕ್ಷೆ ಚಿಕ್ಕದು, ಆದರೆ ತಪ್ಪದೆ ಬರುವಂಥದು. ನೀಲಗಾರರು ತಮ್ಮ ಭಿಕ್ಷೆಯನ್ನು ಕೋರಣ್ಯವೆಂದು ಕರೆಯುತ್ತಾರೆ. ಸುಗ್ಗಿಯ ಕಾಲದಲ್ಲಿ ಕಣದ ಬಳಿ ನಿಂತವನಿಗೆ ಮೊರದ ಲೆಕ್ಕದಲ್ಲಿ ಧಾನ್ಯ ಸಿಗುತ್ತಿತ್ತು. ವರ್ಷದ ಹೊಟ್ಟೆಪಾಡಿಗೆ ಇದು ದೊಡ್ಡ ಆಸರೆ. ಮೂರನೆಯದು ಹರಕೆಯ ಕಥೆ. ಮನೆಯಲ್ಲಿ ಕಥೆ ಮಾಡಿಸುತ್ತೇವೆಂದು ಹರಕೆ ಹೊತ್ತವರು ಎಲೆಅಡಿಕೆ ಕೊಟ್ಟು ಮೇಳವನ್ನು ಗೊತ್ತುಮಾಡುತ್ತಾರೆ. ವೀಳ್ಯ ಹಿಡಿದ ಮೇಲೆ ಮೇಳ ಮಾತು ತಪ್ಪುವಂತಿಲ್ಲ. ಬರಹವಿಲ್ಲದ ಈ ಒಪ್ಪಂದಕ್ಕೆ ಅಷ್ಟು ಬಲವಿತ್ತು. ಕಥೆಯ ರಾತ್ರಿ ಊಟ, ಪಡಿ, ತೆಂಗಿನಕಾಯಿ, ದಕ್ಷಿಣೆ, ಅನುಕೂಲವಿದ್ದರೆ ಬಟ್ಟೆ. ಮಂಗಳಾರತಿ ತಟ್ಟೆಗೆ ನೆರೆದವರು ಹಾಕುವ ಕಾಣಿಕೆ ಬೇರೆ. ಹರಕೆ ಹೊತ್ತದ್ದು ಒಂದು ಮನೆಯಾದರೂ ಕೇಳಲು ಬರುವುದು ಇಡೀ ಕೇರಿ. ಯಾರಿಗೂ ಟಿಕೇಟಿಲ್ಲ. ಒಬ್ಬರ ಖರ್ಚಿನಲ್ಲಿ ಎಲ್ಲರೂ ಕೇಳುತ್ತಾರೆ, ಮುಂದಿನ ವರ್ಷ ಖರ್ಚು ಇನ್ನೊಬ್ಬರ ಪಾಳಿ. ‘ಲಾಭರಹಿತ’ ಎಂಬ ಈಗಿನ ಕಾನೂನಿನ ಮಾತು ಹುಟ್ಟುವ ಮೊದಲೇ ಇಂಥ ಏರ್ಪಾಡು ರೂಪುಗೊಂಡಿತ್ತು.

ಈ ಲೆಕ್ಕದಲ್ಲಿ ಕಣ್ಣಿಗೆ ಬೀಳದ ಬಾಬ್ತೊಂದಿದೆ, ಅದೇ ಅತ್ಯಂತ ಮುಖ್ಯವಾದುದು. ಮೇಳದಲ್ಲಿ ಮುಖ್ಯ ಗಾಯಕನ ಪಕ್ಕದಲ್ಲಿ ಸೊಲ್ಲು ಹಿಡಿಯುವವರು ಇರುತ್ತಾರೆ. ಅವರಲ್ಲಿ ಒಬ್ಬ ಕಲಿಯುವವ. ಅವನಿಗೆ ಪಾಠವೆಂದು ಪ್ರತ್ಯೇಕವಾಗಿ ಏನೂ ಇಲ್ಲ. ರಾತ್ರಿಯ ನಂತರ ರಾತ್ರಿ ಸೊಲ್ಲು ಹಿಡಿದು, ಸಾಲುಗಳ ಜಾಡು ತಿಳಿದು, ಮುಖ್ಯ ಗಾಯಕನು ಚಹಾಕ್ಕೋ ಎಲೆಅಡಿಕೆಗೋ ಬಿಡುವು ಮಾಡಿಕೊಂಡಾಗ ನಾಲ್ಕು ಮಾತು ತಾನೇ ಎತ್ತಿಕೊಂಡು ಅವನು ಬೆಳೆಯುತ್ತಾನೆ. ಸಂಕಮ್ಮನ ಸಾಲಿನಂಥ ದೀರ್ಘ ಭಾಗ ಬಾಯಿಗೆ ಬರಬೇಕಾದರೆ ಅದನ್ನು ಎಷ್ಟೋ ಸಲ ಪೂರ್ತಿಯಾಗಿ ಕೇಳಿರಬೇಕು. ಪೂರ್ತಿ ಕೇಳಬೇಕಾದರೆ ಪೂರ್ತಿ ರಾತ್ರಿಯ ಪ್ರದರ್ಶನಗಳು ನಡೆಯಬೇಕು. ಅಂದರೆ ಹರಕೆಯ ಮನೆಯವರು ಕೊಟ್ಟ ಪಡಿಯಲ್ಲಿ ಅಂದಿನ ಹಾಡಿನ ಜತೆಗೆ ಮುಂದಿನ ತಲೆಮಾರಿನ ಶಿಕ್ಷಣದ ವೆಚ್ಚವೂ ಸೇರಿತ್ತು. ಕೊಡುವವರಿಗೆ ಅದು ಗೊತ್ತಿರಬೇಕಾದ ಅಗತ್ಯವಿರಲಿಲ್ಲ, ವ್ಯವಸ್ಥೆಯೇ ಅದನ್ನು ನೋಡಿಕೊಳ್ಳುತ್ತಿತ್ತು.

ಹಂಚಿಹೋದ ಈ ಮೇಳಗಳೆಲ್ಲ ಒಂದೆಡೆ ಸೇರುವ ತಾಣ ಜಾತ್ರೆ. ಬನದ ಹುಣ್ಣಿಮೆಗೆ ಆರಂಭವಾಗುವ ಚಿಕ್ಕಲ್ಲೂರು ಜಾತ್ರೆ ಐದು ದಿನಗಳದು. ಮೊದಲ ರಾತ್ರಿ ಚಂದ್ರಮಂಡಲ. ಸುತ್ತಲ ಹಳ್ಳಿಗಳ ಬೇರೆಬೇರೆ ಸಮುದಾಯದವರು ಸೇರಿ ಅದನ್ನು ಕಟ್ಟುತ್ತಾರೆ. ಮುಂದೆ ಮುಡಿಸೇವೆ, ಪಂಕ್ತಿಸೇವೆ. ನೀಲಗಾರರ ದೀಕ್ಷೆ ನಡೆಯುವುದೂ ಈ ಜಾತ್ರೆಯಲ್ಲಿ. ಬಿಡಾರಗಳ ನಡುವೆ ಅಲ್ಲಲ್ಲಿ ತಂಬೂರಿ ಮೀಟುತ್ತಿರುತ್ತದೆ. ಒಂದು ಮೇಳದವರು ಇನ್ನೊಂದು ಮೇಳದ ಹಾಡು ಕೇಳುತ್ತಾರೆ, ಮುಂದಿನ ಕಥೆಗಳಿಗೆ ವೀಳ್ಯ ಹಿಡಿಯುತ್ತಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಕೃಷ್ಣರಾಜನಗರ ಸೀಮೆಯ ಕಪ್ಪಡಿ ಮೊದಲಾದ ಗದ್ದುಗೆಗಳ ಜತೆ ಚಿಕ್ಕಲ್ಲೂರನ್ನು ಇಟ್ಟುನೋಡಿದರೆ ದೀಕ್ಷೆ, ತಾಲೀಮು, ವಿಮರ್ಶೆ, ಹಣ ಇವೆಲ್ಲ ಕೂಡಿದ ಒಂದು ಪ್ರದರ್ಶನ ಕೇಂದ್ರವೇ ಕಣ್ಣೆದುರು ನಿಲ್ಲುತ್ತದೆ. ಅದಕ್ಕೆ ಕಟ್ಟಡ ಮಾತ್ರ ಇಲ್ಲ. 2010ರ ದಶಕದ ಉತ್ತರಾರ್ಧದಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯ ಹಿನ್ನೆಲೆಯಲ್ಲಿ ಪಂಕ್ತಿಸೇವೆಯ ಬಾಡೂಟ ವಿವಾದವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಆಗ ನಡೆದ ಚರ್ಚೆ ಆಹಾರ ಸಂಸ್ಕೃತಿ ಮತ್ತು ಕಾನೂನಿನ ಸುತ್ತಲೇ ಇತ್ತು. ಒಕ್ಕಲುಗಳು ಬಿಡಾರ ಹೂಡಿ ಉಳಿಯಲು ಕಾರಣವಾದದ್ದು ಪಂಕ್ತಿಯ ಊಟ, ಅವರು ಉಳಿದರೆ ತಾನೆ ನೀಲಗಾರರಿಗೆ ಕೇಳುಗರು, ಎಂಬ ಅಂಶ ಅಲ್ಲಿ ಬರಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಈ ಏರ್ಪಾಡು ಸಡಿಲವಾಗುತ್ತ ಬಂದಿದೆ. ಒಕ್ಕಣೆ ರಸ್ತೆಗೂ ಯಂತ್ರಕ್ಕೂ ಸರಿದಂತೆ ಕಣ ಮರೆಯಾಯಿತು, ಅದರೊಂದಿಗೆ ಕಣದ ಭಿಕ್ಷೆಯೂ. ಕೂಲಿಗೆಂದು ಬೆಂಗಳೂರು, ಮೈಸೂರುಗಳಿಗೆ ಹೋದವರು ಹಬ್ಬಕ್ಕೆ ಒಂದೆರಡು ದಿನ ಬಂದು ಹೋಗುವವರಾದರು. ರಾತ್ರಿಯಿಡೀ ಕುಳಿತು ಕೇಳುವ ಬಿಡುವು ಅವರಿಗಿಲ್ಲ. ಓದಿದ ದಲಿತ ಯುವಕರಲ್ಲಿ ಹಲವರಿಗೆ ಮನೆಮನೆಯ ಮುಂದೆ ನಿಲ್ಲುವುದೇ ಅವಮಾನವೆನ್ನಿಸಿತು. ಆ ಅನ್ನಿಸಿಕೆಯನ್ನು ಪರಂಪರೆಯ ನಾಶವೆಂದು ಹಳಹಳಿಸುವುದು ಹೊರಗಿನವರಿಗೆ ಸುಲಭ. ಜೋಳಿಗೆಯನ್ನು ಹಕ್ಕೆಂದು ಕಾವ್ಯ ಹಾಡಿದರೂ ಜಾತಿಯ ಊರಿನಲ್ಲಿ ಅದು ಎಲ್ಲ ಬಾಗಿಲಲ್ಲೂ ಹಕ್ಕಾಗಿ ಉಳಿದಿರಲಿಲ್ಲ.

ತೆರವಾದ ಜಾಗಕ್ಕೆ ಸರ್ಕಾರ, ಮಾಧ್ಯಮ ಮತ್ತು ನೋಂದಾಯಿತ ಕಲಾಸಂಘಗಳು ಬಂದವು. ಆಕಾಶವಾಣಿ, ಕ್ಯಾಸೆಟ್ಟು, 1996ರ ‘ಜನುಮದ ಜೋಡಿ’ಯಂಥ ಚಲನಚಿತ್ರಗಳು ಮಾದೇಶ್ವರನ ಹಾಡಿನ ಧಾಟಿಯನ್ನು ರಾಜ್ಯಕ್ಕೆಲ್ಲ ಪರಿಚಯಿಸಿದವು. ಮೆರವಣಿಗೆ, ಉತ್ಸವಗಳಿಗೆ ಬೀಸು ಕಂಸಾಳೆ ಬಲು ಒಗ್ಗಿತು. ಹತ್ತು ನಿಮಿಷದಲ್ಲಿ ಕಣ್ತುಂಬುವ ಕಸರತ್ತು, ಭಾಷೆಯ ಹಂಗಿಲ್ಲ, ತರುಣರಿಗೆ ಹುರುಪು. ಕಾಲೇಜು ಹುಡುಗಿಯರೂ ಕಂಸಾಳೆ ಹಿಡಿದದ್ದು ಈ ಬದಲಾವಣೆಯ ಒಳ್ಳೆಯ ಫಲಗಳಲ್ಲೊಂದು. ಆದರೆ ಅನುದಾನದ ಭಾಷೆಯಲ್ಲಿ ಲೆಕ್ಕದ ಘಟಕವೇ ಬದಲಾಗಿದೆ. ಇಲಾಖೆ ಹಣ ಕೊಡುವುದು ‘ಕಾರ್ಯಕ್ರಮ’ಕ್ಕೆ. ಸಂಘವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡು, ಲೆಕ್ಕಪರಿಶೋಧನೆ ಮಾಡಿಸಿ, ವಿನಿಯೋಗ ಪ್ರಮಾಣಪತ್ರ ಸಲ್ಲಿಸಬೇಕು. ಕಲಾವಿದರ ಸಂಭಾವನೆ, ಪ್ರಯಾಣ, ಶಾಮಿಯಾನ, ಧ್ವನಿವರ್ಧಕ ಇವಕ್ಕೆಲ್ಲ ರಸೀತಿ ಉಂಟು. ಸೊಲ್ಲು ಹಿಡಿಯುತ್ತ ಕಲಿಯುವ ಹುಡುಗನ ಹತ್ತು ವರ್ಷಗಳಿಗೆ ಯಾವ ರಸೀತಿಯೂ ಇಲ್ಲ.

ನೋಂದಾಯಿತ ಸಂಸ್ಥೆಯೆಂದರೆ ಹೀಗೇ ಆಗಬೇಕೆಂದೇನಿಲ್ಲ. ಹೆಗ್ಗೋಡಿನ ನೀನಾಸಂ 1949ರಲ್ಲಿ ಹುಟ್ಟಿದ್ದು ಊರಿನ ಹವ್ಯಾಸಿ ನಾಟಕ ಸಂಘವಾಗಿ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಆರಂಭವಾದವು. ತಿರುಗಾಟದ ಪ್ರದರ್ಶನಕ್ಕೆ ಆಯಾ ಊರಿನ ಸಂಘಟಕರು ಗೊತ್ತಾದ ಮೊತ್ತ ಕೊಟ್ಟು ಕರೆಸಿಕೊಳ್ಳುತ್ತಾರೆ, ಕಲಾವಿದರ ಊಟ ವಸತಿ ನೋಡಿಕೊಳ್ಳುತ್ತಾರೆ. ವೀಳ್ಯ ಕೊಟ್ಟು ಮೇಳ ಕರೆಸುವ ಪದ್ಧತಿಗೆ ಇದು ದೂರದ್ದಲ್ಲ. ಕಲಿಕೆ ಮತ್ತು ಸಂಚಾರಗಳೆರಡೂ ಒಂದೇ ಸೂರಿನಡಿ ಇರುವುದರಿಂದ ಪ್ರದರ್ಶನವು ಶಿಕ್ಷಣವನ್ನು, ಶಿಕ್ಷಣವು ಪ್ರದರ್ಶನವನ್ನು ಪೋಷಿಸಬಲ್ಲದು. ಅಡಿಕೆ ಬೆಳೆಯುವ ಮಲೆನಾಡಿನ ಓದಿದ ವರ್ಗದ ಬೆಂಬಲ, ಸರ್ಕಾರದ ಸಹಾಯ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ 1983–85ರ ‘ಜನಸ್ಪಂದನ’ಕ್ಕೆ ದೊರೆತ ಫೋರ್ಡ್ ಪ್ರತಿಷ್ಠಾನದ ನೆರವು ಇವು ಹನೂರಿನ ಗುಡ್ಡನಿಗೂ ನೀಲಗಾರನಿಗೂ ಎಟುಕುವಂಥವಲ್ಲ ಎಂಬುದನ್ನು ಮರೆಯದೆಯೇ ಈ ಹೋಲಿಕೆಯನ್ನು ಮಾಡಬೇಕು.

ಕಲಿಕೆಗೆಂದೇ ಹಣ ಕೊಡುವ ಯೋಜನೆಯೂ ಇಲ್ಲದಿಲ್ಲ. ಕೇಂದ್ರದ ವಲಯ ಸಾಂಸ್ಕೃತಿಕ ಕೇಂದ್ರಗಳ ಗುರುಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೆ ತಿಂಗಳಿಗೆ 7,500, ಪಕ್ಕವಾದ್ಯದವರಿಗೆ 3,750, ಶಿಷ್ಯನಿಗೆ 1,500 ರೂಪಾಯಿ ಎಂದು ಗೊತ್ತುಪಡಿಸಿದ್ದುಂಟು. ಅವಧಿ ಆರು ತಿಂಗಳಿಂದ ಒಂದು ವರ್ಷ. ಅಷ್ಟರಲ್ಲಿ ಬೀಸು ಕಂಸಾಳೆಯ ಪಟ್ಟುಗಳನ್ನು ಕಲಿಯಬಹುದು. ಜುಂಜೇಗೌಡನ ಸಾಲನ್ನು ಸ್ವತಂತ್ರವಾಗಿ ಕಟ್ಟಿ ಹಾಡುವವನು ತಯಾರಾಗುವುದು ಕಷ್ಟ. ರಾಜ್ಯದ ಮಾಸಾಶನವಂತೂ ವಯಸ್ಸಾದ ಕಲಾವಿದರಿಗೆ. ಅದು ನ್ಯಾಯವೇ. ಆದರೆ ಅದು ತಲುಪುವುದು ಕಂಠ ಕುಂದಿದ ಮೇಲೆ.

ಸಂಶೋಧಕರೂ ಈ ಲೆಕ್ಕದ ಹೊರಗಿನವರಲ್ಲ. ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡಕ್ಕೆ 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯ 15,683 ಸಾಲುಗಳದು. ಅಷ್ಟು ದೀರ್ಘವಾದ ಪಠ್ಯ ಹುಟ್ಟಿದ್ದು ದಾಖಲೀಕರಣದ ಸಂದರ್ಭದಲ್ಲಿ ಎಂಬುದನ್ನು ಹೊಂಕೊ 1998ರ ತಮ್ಮ ಗ್ರಂಥದಲ್ಲಿ ಮುಚ್ಚಿಡದೆ ಚರ್ಚಿಸಿದ್ದಾರೆ. ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳ ‘ಸಮಗ್ರ’ ಪಠ್ಯಗಳಿಗೂ ಈ ಮಾತು ಅನ್ವಯಿಸುತ್ತದೆ. ಹರಕೆಯ ಮನೆಗೆ ಬೇಕಾದದ್ದು ಒಂದು ರಾತ್ರಿಗೆ ಒದಗುವ ಸಾಲು. ಮೊದಲಿಂದ ಕೊನೆಯವರೆಗೆ ಎಲ್ಲ ಸಾಲುಗಳನ್ನೂ ಹಾಡಿಸಿದ ಒಕ್ಕಲು ವಿಶ್ವವಿದ್ಯಾಲಯ. ಅಲ್ಲಿ ಮಂಗಳಾರತಿ ತಟ್ಟೆ ಇರಲಿಲ್ಲ, ಸೊಲ್ಲು ಹಿಡಿದು ಕಲಿಯುವ ಹುಡುಗನಿಗೆ ಜಾಗವಿತ್ತೋ ಇಲ್ಲವೋ ಮುದ್ರಿತ ಪಠ್ಯದಿಂದ ತಿಳಿಯುವುದಿಲ್ಲ. ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ವಕ್ತೃವಿನ ಹೆಸರು, ಊರು, ವಯಸ್ಸು, ಜಾತಿ ನಮೂದಾಗುತ್ತವೆ. ವೀಳ್ಯ ಕೊಟ್ಟವರು ಯಾರು, ಪಡಿ ಎಷ್ಟು, ಮೇಳದೊಳಗೆ ಅದು ಹೇಗೆ ಹಂಚಿಕೆಯಾಯಿತು, ಜತೆಗಿದ್ದ ಕಿರಿಯನು ಯಾರು ಎಂಬ ನಾಲ್ಕು ಕಲಮುಗಳನ್ನು ಅದೇ ಹಾಳೆಗೆ ಸೇರಿಸಲು ಹೆಚ್ಚಿನ ವೆಚ್ಚವೇನೂ ಆಗದು.

ಬೆಟ್ಟದ ಮೇಲೆ ಈಗ 2013ರ ಕಾಯ್ದೆಯಂತೆ ರಚಿತವಾದ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರವಿದೆ. ಹುಂಡಿಯ ಎಣಿಕೆ ಕೋಟಿ ರೂಪಾಯಿ ದಾಟಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ನಡೆದು ಬರುವ ಪರುಷೆಯ ಜತೆ ಇಂದಿಗೂ ಗುಡ್ಡರು ಕಂಸಾಳೆ ಹಿಡಿದು ಬೆಟ್ಟ ಹತ್ತುತ್ತಾರೆ. ಭಕ್ತನ ಕಾಣಿಕೆ ದಾರಿಯಲ್ಲಿ ಜೋಳಿಗೆಗೂ ಬೀಳುತ್ತದೆ, ಮೇಲೆ ಹುಂಡಿಗೂ ಬೀಳುತ್ತದೆ. ಎರಡರ ನಡುವಿನ ಪ್ರಮಾಣ ಕಳೆದ ಐವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ಅಳೆದರೆ ಈ ಕಾವ್ಯಗಳ ಮುಂದಿನ ಗತಿಯ ಬಗೆಗೆ ಯಾವ ಪಾಠಾಂತರ ಪಟ್ಟಿಯೂ ಹೇಳದಷ್ಟು ತಿಳಿದೀತು. ಒಂದರ ಲೆಕ್ಕ ಪ್ರಾಧಿಕಾರದ ಕಚೇರಿಯಲ್ಲಿದೆ. ಇನ್ನೊಂದರ ಲೆಕ್ಕಕ್ಕೆ ಗುಡ್ಡರ ಮನೆಗಳಿಗೇ ಹೋಗಬೇಕು.