ಪಡುವಣದ ನೀರು ಮೂಡಣಕ್ಕೆ ಹರಿದಾಗ



ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಪೆರಿಯಕುಳಂ ಎಂಬ ಊರಿದೆ. ಹೆಸರಿನ ಅರ್ಥ 'ದೊಡ್ಡ ಕೆರೆ'. ಮಾವಿನ ತೋಪುಗಳಿಗೆ ಹೆಸರಾದ ಊರು. ಅಲ್ಲಿಂದ ತುಸು ಮುಂದಿನ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಾಗಿರುವ ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಭತ್ತ, ದ್ರಾಕ್ಷಿ, ತೆಂಗು ಬೆಳೆಯುವ ಆ ಹಸಿರಿನ ಹಿಂದೆ ಒಂದು ಕಥೆಯಿದೆ. ಪಾಸ್ಕ ಹಬ್ಬದ ಈ ದಿನಗಳಲ್ಲಿ ಅದನ್ನು ನೆನೆಯೋಣ.

ಪೆರಿಯಾರ್ ನದಿ ಪಡುವಣಕ್ಕೆ ಹರಿದು ಕಡಲು ಸೇರುತ್ತಿತ್ತು. ಘಟ್ಟದ ಈಚೆಗಿನ ವೈಗೈ ಬಯಲು ನೀರಿಲ್ಲದೆ ಬಾಯಾರುತ್ತಿತ್ತು. ಎಂಜಿನಿಯರ್ ಜಾನ್ ಪೆನ್ನಿಕುಯಿಕ್ ಅವರ ನೇತೃತ್ವದಲ್ಲಿ 1887ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಕಟ್ಟಿದ್ದನ್ನು ಪ್ರವಾಹ ಕೊಚ್ಚಿಕೊಂಡು ಹೋಯಿತು. ಮಲೇರಿಯಾ ಅನೇಕ ಕೂಲಿಗಳ ಪ್ರಾಣ ತೆಗೆಯಿತು. ಆದರೂ ಕೆಲಸ ಮುಂದುವರಿದು, 1895ರಲ್ಲಿ ಬೆಟ್ಟ ಕೊರೆದ ಸುರಂಗದ ಮೂಲಕ ನೀರು ಮೂಡಣಕ್ಕೆ ತಿರುಗಿತು. ಇಂದಿಗೂ ಜನವರಿ 15ರಂದು, ಪೆನ್ನಿಕುಯಿಕ್ ಅವರ ಹುಟ್ಟುಹಬ್ಬದ ದಿನ, ಅಲ್ಲಿಯ ರೈತರು ಪೊಂಗಲ್ ಇಟ್ಟು ಅವರನ್ನು ನೆನೆಯುತ್ತಾರೆ. ಕಾಡಿನಲ್ಲಿ ಮಣ್ಣಾದ ಆ ಬಡಕೂಲಿಗಳ ಹೆಸರನ್ನು ಹೇಳುವವರು ಎಷ್ಟು ಮಂದಿ? ಅವರು ಕಾಣದ ಪೈರು ಇಂದು ತೆನೆ ಬಿಟ್ಟಿದೆ.

ಗೋದಿಯ ಕಾಳು ಮಣ್ಣಿಗೆ ಬಿದ್ದು ಸತ್ತರೆ ಮಾತ್ರ ಫಲ ಕೊಡುತ್ತದೆಂದು ಪ್ರಭು ಯೇಸು ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ. ಆದರೆ ಉಪಮೆಗೂ ಮಿತಿಯಿದೆ. ನದಿಯನ್ನು ಮನುಷ್ಯರು ತಿರುಗಿಸಿದರು. ಸಮಾಧಿಯ ಕಲ್ಲನ್ನು ಉರುಳಿಸಿದ್ದು ದೇವರು. ಕ್ರಿಸ್ತರು ಪುನರುತ್ಥಾನ ಹೊಂದದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು.

ಪುನರುತ್ಥಾನಗೊಂಡ ಪ್ರಭುವಿನ ಮೈಮೇಲೆ ಮೊಳೆಯ ಗಾಯಗಳು ಹಾಗೆಯೇ ಇದ್ದವು ಎಂಬುದನ್ನು ನಾವು ಮರೆಯಬಾರದು. 2019ರ ಏಪ್ರಿಲ್ 21, ಪಾಸ್ಕ ಭಾನುವಾರದಂದು ಶ್ರೀಲಂಕಾದ ಚರ್ಚುಗಳಲ್ಲೂ ಹೋಟೆಲುಗಳಲ್ಲೂ ಬಾಂಬು ಸಿಡಿದು 250ಕ್ಕೂ ಹೆಚ್ಚು ಮಂದಿ ಸತ್ತರು. ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ನರ ದೇವಾಲಯದಲ್ಲಿ ಪುನರುತ್ಥಾನಿ ಕ್ರಿಸ್ತರ ಪ್ರತಿಮೆಗೆ ಭಕ್ತರ ರಕ್ತ ಸಿಡಿದಿತ್ತು. ಪಾಸ್ಕ ಹಬ್ಬ ನೋವನ್ನು ಅಳಿಸುವುದಿಲ್ಲ. ನೋವೇ ಕೊನೆಯ ಮಾತಲ್ಲ ಎನ್ನುತ್ತದೆ.

ನಮ್ಮ ಮನೆಗಳಲ್ಲೂ ಸಮಾಧಿಗಳಿವೆ. ಹಬ್ಬದೂಟಕ್ಕೆ ಕುಳಿತಾಗ ಖಾಲಿ ಉಳಿಯುವ ಜಾಗ, ತೀರದ ಸಾಲ, ಜಮೀನಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು. ಜಾಗರಣೆಯ ರಾತ್ರಿ ಒಂದೇ ಪಾಸ್ಕ ಬತ್ತಿಯಿಂದ ನಾವೆಲ್ಲರೂ ಬೆಳಕು ಹಚ್ಚಿಕೊಂಡು, ಪಕ್ಕದವರಿಗೂ ಕೊಡುತ್ತೇವೆ. ಆ ಬೆಳಕು ದೇವಾಲಯದ ಬಾಗಿಲಲ್ಲೇ ಆರಿಹೋಗಬೇಕೆ?

ಮಗ್ದಲದ ಮರಿಯಳು ಅಳುತ್ತಾ ನಿಂತಿದ್ದಳು. ಪ್ರಭು ಆಕೆಯನ್ನು ಹೆಸರಿಡಿದು ಕರೆದಾಗಲೇ ಗುರುತು ಸಿಕ್ಕಿತು. ಈ ಹಬ್ಬಕ್ಕೆ ನಾವೂ ಒಬ್ಬರನ್ನು ಹೆಸರಿಡಿದು ಕರೆಯೋಣ. ಮಾತು ಬಿಟ್ಟವರ ಮನೆಗೆ ನಾವೇ ಮೊದಲು ಹೋಗೋಣ. ಗಂಡನನ್ನೋ ಮಗುವನ್ನೋ ಕಳೆದುಕೊಂಡವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರೋಣ. ತಿರುಗದು ಎಂದುಕೊಂಡಿದ್ದ ನದಿಯೇ ತಿರುಗಿತು. ನಮ್ಮ ಮನಸ್ಸು ತಿರುಗಲಾರದೆ?

ಪುನರುತ್ಥಾನಿ ಪ್ರಭು ನಿಮ್ಮ ಕುಟುಂಬಕ್ಕೆ ಶಾಂತಿ ಕೊಡಲಿ. ಅಲ್ಲೆಲೂಯ!