ಬೇರಾ ವರದಿಯೇ ಕೊನೆಯ ಮಾತಲ್ಲ

ಪಾತ್ರೆ ಬಿದ್ದರೆ ಮಗು ಬೆಚ್ಚುತ್ತದೆ. ಕರೆದರೆ ಒಮ್ಮೆ ತಿರುಗುತ್ತದೆ, ಇನ್ನೊಮ್ಮೆ ಇಲ್ಲ. ಆಳಂದ ತಾಲೂಕಿನ ನಿಂಬರ್ಗಾದಿಂದ ಕಲಬುರಗಿಗೆ ಹೋಗಿ ಬೇರಾ ಪರೀಕ್ಷೆ ಮಾಡಿಸಿದ ತಾಯಿಯ ಕೈಗೆ ‘ಎರಡೂ ಕಿವಿಗಳಲ್ಲಿ ಪ್ರತಿಕ್ರಿಯೆ ಇಲ್ಲ’ ಎಂಬ ವರದಿ ಬಂದರೆ? ಆಕೆ ನಂಬಬೇಕಾದುದು ಕಾಗದವನ್ನೋ, ತನ್ನ ಕಣ್ಣನ್ನೋ?

ಸಹೋದರಿಯರೇ, ಎರಡೂ ನಿಜವಿರಬಹುದು.

ಬೇರಾದಲ್ಲಿ ನಿದ್ರಿಸುವ ಮಗುವಿನ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ ಕಿವಿಗೆ ‘ಟಿಕ್ ಟಿಕ್’ ಸದ್ದು ಕೇಳಿಸುತ್ತಾರೆ. ನೋವಿಲ್ಲ. ಶ್ರವಣ ನರದಲ್ಲೂ ಮೆದುಳಿನ ಬುಡದಲ್ಲೂ ಏಳುವ ಅಲೆಗಳನ್ನು ಯಂತ್ರ ದಾಖಲಿಸುತ್ತದೆ. ನರದ ಎಳೆಗಳೆಲ್ಲ ಏಕಕಾಲಕ್ಕೆ ಸ್ಪಂದಿಸಿದರೆ ಮಾತ್ರ ಅಲೆ ಸ್ಪಷ್ಟ. ಶಾಲೆಯ ಮಕ್ಕಳು ಒಟ್ಟಿಗೆ ಮಗ್ಗಿ ಹೇಳಿದರೆ ಬೀದಿಯಲ್ಲಿದ್ದವರಿಗೂ ಅರ್ಥವಾಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೇಳಿದರೆ ಬರೀ ಗದ್ದಲ. ದನಿ ಇದೆ, ತಾಳವಿಲ್ಲ.

ಇಂಥ ಸ್ಥಿತಿಗೆ 1996ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಸ್ಟಾರ್ ಮತ್ತು ಸಂಗಡಿಗರು ‘ಆಡಿಟರಿ ನ್ಯೂರೋಪತಿ’ ಎಂದು ಹೆಸರಿಟ್ಟರು. ಈ ಮಕ್ಕಳಲ್ಲಿ ಕೆಲವರಿಗೆ ಸದ್ದು ಚೆನ್ನಾಗಿಯೇ ಕೇಳಿಸಬಹುದು, ಕೆಲವರಿಗೆ ಏನೂ ಕೇಳಿಸದಿರಬಹುದು. ಸದ್ದು ಕೇಳಿಸಿದರೂ ಮಾತು ಅಸ್ಪಷ್ಟ, ಗದ್ದಲದಲ್ಲಂತೂ ಇನ್ನೂ ಕಷ್ಟ. ತಿಂಗಳು ತುಂಬದೆ ಹುಟ್ಟಿದ, ತೀವ್ರ ಕಾಮಾಲೆಯಾದ, ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳಿಗೆ ಅಪಾಯ ಹೆಚ್ಚು. ಕೆಲವರಲ್ಲಿ ಇದು ವಂಶವಾಹಿಯಿಂದ ಬರುತ್ತದೆ.

ತದ್ವಿರುದ್ಧವೂ ಉಂಟು. ‘ಟಿಕ್’ ಸದ್ದಿನ ಬೇರಾ ಮುಖ್ಯವಾಗಿ 2000ದಿಂದ 4000 ಹರ್ಟ್ಸ್‌ವರೆಗಿನ ಶ್ರವಣವನ್ನು ತೋರಿಸುತ್ತದೆ. ದಪ್ಪ ಸ್ವರಗಳಷ್ಟೇ ಕೇಳಿಸದ ಮಗುವಿನ ವರದಿ ‘ಸರಿಯಿದೆ’ ಎಂದು ಬರಬಹುದು.

ಹಾಗಾದರೆ ಏನು ಮಾಡಬೇಕು? ಒಂದು ಪರೀಕ್ಷೆಯನ್ನು ಇನ್ನೊಂದರಿಂದ ತಾಳೆ ನೋಡಬೇಕು. ಒಳಕಿವಿಯ ಸೂಕ್ಷ್ಮಕೋಶಗಳನ್ನು ನೋಡುವ ಓ.ಎ.ಇ., ಮಧ್ಯಕಿವಿಯಲ್ಲಿ ನೀರು ತುಂಬಿದೆಯೇ ಎಂದು ತಿಳಿಸುವ ಟಿಂಪನೋಮೆಟ್ರಿ, ಸುಮಾರು 6 ತಿಂಗಳ ನಂತರ ಸದ್ದಿಗೆ ಮಗು ತಿರುಗುವುದನ್ನು ಅಳೆಯುವ ಪರೀಕ್ಷೆ ಇವೆಲ್ಲವನ್ನೂ ಕೇಳಿ ಮಾಡಿಸಿ. ಓ.ಎ.ಇ. ಇದ್ದು ಬೇರಾ ಇಲ್ಲದಿದ್ದರೆ ನ್ಯೂರೋಪತಿಯ ಸಂಶಯ. ಆಗ ಬೇರಾವೊಂದನ್ನೇ ನಂಬಿ ಶ್ರವಣ ಯಂತ್ರದ ಶಕ್ತಿಯನ್ನು ನಿರ್ಧರಿಸಬಾರದು. ಎಳೆಯ ಶಿಶುಗಳ ನರ ಬಲಿಯುತ್ತಿರುವುದರಿಂದ ಕೆಲವು ತಿಂಗಳ ಬಳಿಕ ಬೇರಾ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಸಮಗ್ರ ತಪಾಸಣೆ ಸಾಧ್ಯ.

ಮಗು ಯಾವ ಸದ್ದಿಗೆ, ಎಷ್ಟು ದೂರದಿಂದ, ನೋಡದೆಯೇ ತಿರುಗಿತೆಂದು ದಿನಾಂಕದೊಂದಿಗೆ ಬರೆದಿಡಿ. ತಜ್ಞರಿಗೆ ಅದೂ ಒಂದು ಸಾಕ್ಷ್ಯ. ಆದರೆ ‘ಕೇಳಿಸುತ್ತದಲ್ಲ’ ಎಂದು ಸುಮ್ಮನಿರಬೇಡಿ. ಮಾತು ಕಲಿಯುವ ಪ್ರಾಯ ಕಾಯುವುದಿಲ್ಲ. ಶ್ರವಣ ಯಂತ್ರ, ಕಾಕ್ಲಿಯರ್ ಇಂಪ್ಲಾಂಟ್, ಸನ್ನೆ ಭಾಷೆ ಇವುಗಳಲ್ಲಿ ಯಾವುದು ಸೂಕ್ತವೆಂದು ಬೇಗ ತಿಳಿದಷ್ಟೂ ನಿಮ್ಮ ಕಂದನಿಗೆ ಒಳಿತು.